ದುಂಡಪ್ಪನ ಜಪ

ಬಸಯ್ಯ ಕಾಯಿ ಒಡೆಯಲು ಕೈ ಎತ್ತಿದ್ದೇ ತಡ, ಚಂದ್ರವ್ವ ಅಡ್ಡ ಬಂದಳು.

“ತಡೀರಿ ಅಯ್ಯನವರ. ನಮ್ಮನಿಯವ್ರಿಗೆ ಗದ್ದಿಗಿ ಬ್ಯಾಡ.”

ತೀರಿಕೊಂಡ ದುಂಡಪ್ಪ ವಿಭೂತಿ ಹಚ್ಚಿಸಿಕೊಂಡು ಶವ ಹೊರುವ ವಿಮಾನದಲ್ಲಿ ಕುಳಿತಿದ್ದ. ಜೀವನವಿಡೀ ಖಾನಾಪುರದಲ್ಲಿ ಜಟಕಾ ಹೊಡೆದವನಿಗೆ ಸಮಾಧಿಯ ಮೇಲೆ ಗದ್ದುಗೆ ಕಟ್ಟಿ ಪೂಜಿಸಬೇಕೆಂದು ಭಜನಾ ಮೇಳದವರು ಬೆಳಿಗ್ಗೆಯೇ ಠರಾಯಿಸಿದ್ದರು.

“ಹಂಗಂದ್ರ ಹ್ಯಾಂಗವ್ವಾ? ಇಷ್ಟು ವರ್ಷ ತುಟಿ ಜಪಾ ಬಿಟ್ಟಿಲ್ಲ. ಅಂಥಾ ಶರಣ!” ಎಂದ ಬಸಯ್ಯ.

 ಚಂದ್ರವ್ವ ಈಗ ಮುಚ್ಚಿಟ್ಟ ಮಾತನ್ನು ಇಡೀ ಓಣಿಯ ಮುಂದೆ ಹೇಳಬೇಕಿತ್ತು.

*

ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ದುಂಡಪ್ಪನ ಜೊತೆ ಮನೆಯ ಗೋಡೆ ಮಾತಾಡತೊಡಗಿತು. ಬೆಳಗಾವಿಯ ಡಾಕ್ಟರು ಗುಳಿಗೆ ಕೊಟ್ಟರು. ಗೋಡೆ ಸುಮ್ಮನಾಯಿತು. ಆದರೆ ಓಣಿಯನ್ನೇ ನಗಿಸುತ್ತಿದ್ದವನ ಮುಖ ಮರಗಟ್ಟಿತು, ಕಾಲು ಎಳೆಯತೊಡಗಿದವು, ತುಟಿಗಳು ತಾವಾಗಿಯೇ ಮೆಲುಕಾಡತೊಡಗಿದವು. ಪೇಟೆಯಲ್ಲಿ ಅದನ್ನು ಕಂಡು, ಜಪವೆಂದೇ ತಿಳಿದು ಮೊದಲು ಕಾಲಿಗೆ ಬಿದ್ದವನು ಬಸಯ್ಯ.

“ನಾ ಚ್ಯಾಷ್ಟಿ ಮಾಡಿದ್ರ ಮಂದಿ ಆಶೀರ್ವಾದ ಅಂತಾರಲ್ಲ ಚಂದ್ರಿ!” ಎಂದು ದುಂಡಪ್ಪ ಗೋಳಾಡಿದ.

ಚಂದ್ರವ್ವ ರೈಲು ಹತ್ತಿ ಹೋಗಿ ಡಾಕ್ಟರಿಗೆ ಹೇಳಿದಳು: “ಗ್ವಾಡಿ ಸುಮ್ಮನಾತ್ರಿ, ಖರೆ. ಅದರ ಕೂಡ ನನ್ನ ಗಂಡನ ನಗೂನೂ ಹೋತು.”

ವಯಸ್ಸಾದ ಮೈಗೆ ಅಷ್ಟು ಔಷಧ ಭಾರವೆಂದು ಡಾಕ್ಟರು ಮೆಲ್ಲಮೆಲ್ಲಗೆ ಇಳಿಸಿದರು. ಕಾಲು ಸಡಿಲಾದವು, ನಗು ಮರಳಿತು. ತುಟಿ ಮಾತ್ರ ನಿಲ್ಲಲಿಲ್ಲ.

“ಸತ್ತಮ್ಯಾಲ ನನ್ನ ದೇವರ ಮಾಡಾಕ ಬಂದ್ರ ಖರೇ ಹೇಳಿಬಿಡು. ನಗಿಸಿ ಕಳಸು ನನ್ನ” ಎಂದು ಅವಳಿಂದ ಭಾಷೆ ತೆಗೆದುಕೊಂಡಿದ್ದ.

*

“ಅದು ಜಪಾ ಅಲ್ರಿ” ಎಂದಳು ಚಂದ್ರವ್ವ. “ತಲಿ ಕೆಟ್ಟಾಗ ಕೊಟ್ಟ ಗುಳಗಿ ಮಾಡಿದ ಕೆಲಸ.”

 ಅವಳು ತಲೆ ತಗ್ಗಿಸಲಿಲ್ಲ.

ದುಂಡಪ್ಪನ ಬಾಜೂಕೇ ಜಟಕಾ ಕಟ್ಟುತ್ತಿದ್ದ ಗೌಸಸಾಬ ಕಣ್ಣೊರೆಸಿಕೊಂಡು ಕೇಳಿದ: “ಹಂಗಾದ್ರ ಅಯ್ಯನವರ, ನೀವು ಇಷ್ಟ ದಿನ ಕೈ ಮುಗದದ್ದು ಗುಳಗಿಗೇನ್ರಿ?”

ಬಸಯ್ಯನ ಮುಖ ಕೆಂಪೇರಿತು. ಆಮೇಲೆ ಅವನ ಹೊಟ್ಟೆಯೇ ಮೊದಲು ಕುಲುಕಿತು.

“ಒಮ್ಮೆ ನಾ ಇವನ ಕಾಲಿಗೆ ಬಿದ್ದಾಗ, ‘ಬಸಯ್ಯಾ, ನಿನ್ನ ಧೋತರ ಹಿಂದ ಹರದೈತಿ’ ಅಂದಿದ್ದ. ಮಾರಿ ಮ್ಯಾಲ ಒಂದೀಟೂ ನಗಿ ಇಲ್ಲ! ಧೋತರ ಅಂದ್ರ ಈ ದೇಹ ಅಂತ ತಿಳದು, ಅದ ಹರಕ ಧೋತರ ಉಟ್ಕೊಂಡು ಮಠದಾಗ ಪ್ರವಚನ ಹೇಳೀನಿ!”

ಅಂಗಳವೆಲ್ಲ ಬಿದ್ದುಬಿದ್ದು ನಕ್ಕಿತು. ಚಂದ್ರವ್ವ ಅಳುತ್ತಲೇ ನಕ್ಕಳು.

ವಿಮಾನ ಮೇಲೆದ್ದಿತು. ದುಂಡಪ್ಪನ ತುಟಿಗಳು ಕೊನೆಗೂ ಸುಮ್ಮನಿದ್ದವು. ಅವನ ಮುಂದೆ ಬಸಯ್ಯ ಒಂದು ಕೈಯಲ್ಲಿ ಗಂಟೆ ಬಾರಿಸುತ್ತ, ಇನ್ನೊಂದರಿಂದ ಧೋತರದ ಹಿಂಬದಿಯನ್ನು ಭದ್ರವಾಗಿ ಹಿಡಿದುಕೊಂಡು ನಡೆದ.