ದ್ಯಾವಪ್ಪನ ಹಿತ್ತಲಲ್ಲಿ ತಪ್ಪಲು ಪಲ್ಯ

ಕಕ್ಕೇರಾದ ಹತ್ತಿರದ ನಮ್ಮೂರಿಗೆ ಕಾಲುವೆ ಬಂದ ಮೇಲೆ ಭತ್ತ ಬೆಳೆಯುವುದನ್ನು ಎಲ್ಲರಿಗಿಂತ ಮೊದಲು ಕಲಿತವನು ದ್ಯಾವಪ್ಪ. ಗದ್ದೆಯಲ್ಲಿ ನೀರು ಎಷ್ಟು ನಿಲ್ಲಬೇಕು, ಯಾವಾಗ ಬಿಡಬೇಕು ಎಂದು ಊರೆಲ್ಲ ಅವನನ್ನೇ ಕೇಳುತ್ತಿತ್ತು. ಕೇಳಿ ಕೇಳಿ ಅವನ ತಲೆ ಸ್ವಲ್ಪ ತಿರುಗಿತ್ತು ಎಂದರೂ ತಪ್ಪಿಲ್ಲ. ಇಷ್ಟೆಲ್ಲ ನೀರು ಹರಿದರೂ ಊರಿನ ಹಿತ್ತಲುಗಳಲ್ಲಿ ಮಾತ್ರ ಒಂದು ಹಿಡಿ ತಪ್ಪಲು ಪಲ್ಯ ಬೆಳೆಯುತ್ತಿರಲಿಲ್ಲ. ಸೊಪ್ಪು ಬೇಕೆಂದರೆ ವಾರದ ಸಂತೆಯೇ ಗತಿ. ಅಲ್ಲಿಂದ ತಂದದ್ದು ಎರಡನೇ ದಿನಕ್ಕೆ ಬಾಡುತ್ತಿತ್ತು.

ಆ ವರ್ಷ ಮಾಘದ ಭಾರತ ಹುಣ್ಣಿಮೆಯ ಹೊತ್ತಿಗೆ ದ್ಯಾವಪ್ಪನ ಮಗಳು ಹಣಮಂತಮ್ಮ ಐದನೇ ತಿಂಗಳ ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮೆಟ್ಟಿಲು ಹತ್ತಿದರೆ ಏದುಸಿರು. ಮುಖ ಬಿಳಿಚಿಕೊಂಡಿತ್ತು. ಊರಿನ ನರ್ಸಕ್ಕ ರಕ್ತ ಪರೀಕ್ಷೆ ಮಾಡಿ, ಹಿಮೋಗ್ಲೋಬಿನ್ ಎಂಟೇ ಇದೆ, ಹೆರಿಗೆಗೆ ಮೊದಲು ಹತ್ತು ದಾಟಲೇಬೇಕು ಎಂದಳು. ಏರದಿದ್ದರೆ ಹೆರಿಗೆಯಲ್ಲಿ ತಾಯಿಯ ಜೀವಕ್ಕೇ ಕುತ್ತು, ಯಾದಗಿರಿಗೆ ಒಯ್ದು ರಕ್ತ ಹಾಕಿಸಬೇಕಾಗುತ್ತದೆ ಎಂದೂ ಹೇಳಿದಳು. ಕಬ್ಬಿಣದ ಗುಳಿಗೆ ಕೊಟ್ಟು, ಒಂದು ದಿನವೂ ತಪ್ಪಿಸಬೇಡ, ಅದರ ಜೊತೆಗೆ ದಿನಾ ಹಸಿರು ತಪ್ಪಲು ತಿನ್ನು ಎಂದು ತಾಕೀತು ಮಾಡಿದಳು.

ದ್ಯಾವಪ್ಪನಿಗೆ ಇದ್ದವಳು ಒಬ್ಬಳೇ ಮಗಳು. ಅದೇ ದಿನ ಸಲಿಕೆ ಹಿಡಿದು ಹಿತ್ತಲಿಗೆ ಇಳಿದ. ನೆಲ ಸಮ ಮಾಡಿದ, ಸುತ್ತಲೂ ಒಡ್ಡು ಕಟ್ಟಿದ, ರಾಜಗಿರಿ ಮತ್ತು ಪುಂಡಿ ಸೊಪ್ಪಿನ ಬೀಜ ಚೆಲ್ಲಿದ. ಆಮೇಲೆ ಮನೆಯ ಹಿಂದೆ ಹರಿಯುವ ಹೊಲಗಾಲುವೆಯ ಬಾಯಿ ತೆಗೆದು, ಭತ್ತದ ಗದ್ದೆಗೆ ಬಿಟ್ಟಂತೆಯೇ ನೀರು ತುಂಬಿಸಿದ.

ಅಲ್ಲೊಂದು ಇಲ್ಲೊಂದು ಮೊಳಕೆ ಬಂತು. ಬಂದದ್ದು ಹಳದಿಯಾಗಿ ಮಲಗಿತು. ಕಪ್ಪೆಗಳು ಮಾತ್ರ ಚೆನ್ನಾಗಿ ಬಂದವು. ನೀರು ಕಡಿಮೆಯಾಯಿತು ಎಂದುಕೊಂಡು ದ್ಯಾವಪ್ಪ ಇನ್ನಷ್ಟು ಬಿಟ್ಟ. ಶಿವರಾತ್ರಿಯ ಹೊತ್ತಿಗೆ ಮಡಿಯಲ್ಲಿ ಕೆಸರು ಬಿಟ್ಟರೆ ಏನೂ ಉಳಿಯಲಿಲ್ಲ.

ಪಕ್ಕದ ಮನೆಯ ಬಾಲಮ್ಮ ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದಳು. ಅವಳು ಬಳಿಚಕ್ರದಿಂದ ಈ ಊರಿಗೆ ಮದುವೆಯಾಗಿ ಬಂದವಳು. ತವರಿನಲ್ಲಿ ಮಳೆ ಬಿಟ್ಟರೆ ಬೇರೆ ನೀರಿಲ್ಲ. ಅದಕ್ಕೇ ಊರಿನವರು ಅವಳನ್ನು ಒಣಭೂಮಿಯಾಕೆ ಎಂದು ಛೇಡಿಸುತ್ತಿದ್ದರು. ಮಹಿಳಾ ಸಂಘದಲ್ಲಿ ಹಂಚಿದ ಬೀಜದ ಪೊಟ್ಟಣ ಹಿಡಿದು ಅವಳು ಒಳಗೆ ಬಂದಳು.

"ಮಾವಾ, ನಿಮ್ಮ ತಪ್ಪಲಕ್ಕ ನೀರು ಕಡಿಮಿ ಬಿದ್ದಿಲ್ರಿ. ಹೆಚ್ಚಾಗಿ ಸತ್ತಾವ."

"ನಿಮ್ಮ ಬಳಿಚಕ್ರದಾಗ ಕಾಲುವಿ ಅದ ಏನವ್ವ? ನೀರಿನ ಮಾತು ನೀ ನನಗ ಹೇಳಾಕತ್ತಿ."

"ಕಾಲುವಿ ಇಲ್ರಿ. ಅದಕ್ಕ ಒಂದು ತಂಬಿಗಿ ನೀರಿನ ಕಿಮ್ಮತ್ತು ನಮಗ ಗೊತ್ತದ. ಭತ್ತ ನೀರಾಗ ನಿಂತು ಬೆಳೀತದ್ರಿ. ಇವಕ್ಕ ಬೇರಿನ ಬುಡಕ್ಕ ಗಾಳಿ ಆಡಬೇಕು. ನೀರು ನಿಂತ್ರ ಕೊಳೀತಾವ."

ದ್ಯಾವಪ್ಪ ಮುಖ ತಿರುಗಿಸಿದ. ಆದರೆ ಅವನ ಹೆಂಡತಿ ತಿಮ್ಮವ್ವ ಬೀಜ ತೆಗೆದುಕೊಂಡಳು. ಮಗಳ ಜೀವದ ಮುಂದೆ ಗಂಡನ ಹೆಮ್ಮೆ ಅವಳಿಗೆ ಯಾವ ಲೆಕ್ಕಕ್ಕೂ ಇರಲಿಲ್ಲ.

ಕೆಸರು ಆರಿದ ಮೇಲೆ ಬಾಲಮ್ಮ ಒಂದು ಗೇಣು ಎತ್ತರದ ಮಡಿ ಮಾಡಿಸಿದಳು. ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಬೆರೆಸಿದಳು. ಸಣ್ಣ ಬೀಜ ಒಂದೇ ಕಡೆ ಬೀಳದಿರಲಿ ಎಂದು ಮರಳಿನ ಜೊತೆ ಕಲಸಿ ಸಾಲಾಗಿ ಹಾಕಿಸಿದಳು. ಎಲ್ಲವನ್ನೂ ಒಮ್ಮೆಲೇ ಬಿತ್ತಬೇಡಿ, ಅರ್ಧ ಈಗ, ಅರ್ಧ ಹದಿನೈದು ದಿನ ಬಿಟ್ಟು, ಆಗ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ ಎಂದಳು. ಸಸಿ ಬೆರಳುದ್ದ ಆದ ಮೇಲೆ ಸಾಲುಗಳ ನಡುವೆ ಭತ್ತದ ಹುಲ್ಲು ಹಾಸಿಸಿದಳು. ಪಾತ್ರೆಯಲ್ಲಿ ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರನ್ನು ಚೆಲ್ಲದೆ ಬುಡಕ್ಕೆ ಹಾಕುವುದು, ಅದೂ ಮುಂಜಾನೆ ಇಲ್ಲವೇ ಸಂಜೆ. ಸಾಬೂನು ಪುಡಿಯ ನೀರು ಮಾತ್ರ ಬೇಡ.

ನೀರು ಬೇಕೋ ಬೇಡವೋ ಎಂದು ತಿಳಿಯುವುದು ಹೇಗೆ ಎಂದು ಹಣಮಂತಮ್ಮ ಕೇಳಿದಳು. ಬೆರಳು ಮಣ್ಣಲ್ಲಿ ಊರಿ ನೋಡು, ಒಳಗೆ ತೇವ ಹತ್ತಿದರೆ ಅವತ್ತು ನೀರು ಬೇಡ ಎಂದು ಬಾಲಮ್ಮ ತೋರಿಸಿಕೊಟ್ಟಳು. ಹಿತ್ತಲಿನ ನುಗ್ಗೆ ಮರ ಸೂರಿಗಿಂತ ಎತ್ತರ ಬೆಳೆದು ಒಂದು ಎಲೆಯೂ ಕೈಗೆ ಸಿಗುತ್ತಿರಲಿಲ್ಲ. ಕಾಯಿ ಮುಗಿದಿದ್ದವು. ಅದನ್ನೂ ಆಳೆತ್ತರಕ್ಕೆ ಕಡಿಸಿದಳು. ಮರ ಹಾಳಾಯಿತೆಂದು ದ್ಯಾವಪ್ಪ ಎರಡು ದಿನ ಗೊಣಗಿದ. ಮೂರು ವಾರದಲ್ಲಿ ಅದರ ತುಂಬ ಎಳೆ ಚಿಗುರು ಬಂತು.

ಯುಗಾದಿಗೆ ಇನ್ನೂ ವಾರವಿತ್ತು. ಮೂರು ದಿನದಲ್ಲಿ ಕಾಲುವೆ ಬಂದ್ ಆಗುತ್ತದೆ ಎಂಬ ಸುದ್ದಿ ಬಂತು. ಬಿಸಿಲು ಏರತೊಡಗಿತ್ತು. ದ್ಯಾವಪ್ಪನಿಗೆ ತಡೆಯಲಾಗಲಿಲ್ಲ. ಕೊನೆಯ ನೀರು ತುಂಬಿಸಿಬಿಡೋಣ, ಇಲ್ಲದಿದ್ದರೆ ಎಲ್ಲ ಒಣಗಿಹೋಗುತ್ತದೆ ಎಂದು ಸಲಿಕೆ ಎತ್ತಿಕೊಂಡು ಹೊಲಗಾಲುವೆಯ ಬಾಯಿಗೆ ಹೋದ. ಹಣಮಂತಮ್ಮ ಹೊಟ್ಟೆ ಹಿಡಿದುಕೊಂಡು ನಿಧಾನಕ್ಕೆ ಬಂದು ಒಡ್ಡಿನ ಮೇಲೆ ಕುಳಿತಳು.

"ಏಳವ್ವ, ನೀರು ಬಿಡಬೇಕು."

"ನಾ ಏಳೂದಿಲ್ಲಪ್ಪ. ಹೋದ ಸಲ ನಿನ್ನ ನೀರಿಗೆ ಎಲ್ಲಾ ಕೊಳೆತು ಹೋತು. ಇದು ನನ್ನ ಕೂಸು ಉಣ್ಣೂದು. ಬೆರಳು ಹಚ್ಚಿ ನೋಡು, ಆಮ್ಯಾಲ ಬೇಕಂದ್ರ ನಾನೇ ಏಳ್ತೀನಿ."

ಮಗಳು ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ದ್ಯಾವಪ್ಪ ಎಂದೂ ಕೇಳಿರಲಿಲ್ಲ. ಹುಲ್ಲು ಸರಿಸಿ ಬೆರಳು ಊರಿದ. ಮೇಲೆ ಬಿಸಿಲು ಸುಡುತ್ತಿದ್ದರೂ ಒಳಗೆ ಮಣ್ಣು ತಂಪಾಗಿತ್ತು. ಇನ್ನೊಂದು ಕಡೆ ನೋಡಿದ. ಅಲ್ಲೂ ತೇವವಿತ್ತು. ಸಲಿಕೆ ಕೆಳಗಿಟ್ಟ. ಆಮೇಲೆ ಬೇಲಿಯಾಚೆ ಪಾತ್ರೆ ತೊಳೆಯುತ್ತಿದ್ದ ಬಾಲಮ್ಮನನ್ನು ಕರೆದ.

"ಬಾಲಮ್ಮ, ನಾ ನೀರು ನಿಲ್ಲಸೂದು ಅಷ್ಟ ಕಲ್ತಿದ್ದೆ. ನಂದ ತಪ್ಪಾತವ್ವ."

ಕಾಲುವೆ ಬಂದ್ ಆಯಿತು. ಕಾಲುವೆಯ ತಳ ಬಿರುಕು ಬಿಟ್ಟಿತು. ದ್ಯಾವಪ್ಪನ ಹಿತ್ತಲು ಮಾತ್ರ ಬೆರಳಿಗೆ ತೇವ ಹತ್ತದ ದಿನ ಹಾಕಿದ ನಾಲ್ಕು ಕೊಡ ನೀರಿನಲ್ಲಿ ನಗುತ್ತಿತ್ತು. ಯುಗಾದಿಯ ದಿನ ಮೊದಲ ರಾಜಗಿರಿ ಕಿತ್ತರು. ಅಲ್ಲಿಂದ ದಿನಾ ಒಂದೊಂದು: ರಾಜಗಿರಿ ಬೇಳೆ, ಪುಂಡಿಪಲ್ಯ, ನುಗ್ಗೆ ಸೊಪ್ಪಿನ ಹುಡಿ. ಮೇಲೆ ನಿಂಬೆಹಣ್ಣು ಹಿಂಡಿ ಜೋಳದ ರೊಟ್ಟಿಯ ಜೊತೆ ತಿಮ್ಮವ್ವ ಮಗಳ ತಾಟಿಗೆ ಹಾಕುತ್ತಿದ್ದಳು. ಹಣಮಂತಮ್ಮ ಗುಳಿಗೆಯನ್ನೂ ಒಂದು ದಿನ ಬಿಡಲಿಲ್ಲ. ಗುಳಿಗೆ ನುಂಗಿದ ಕೂಡಲೇ ಚಹಾ ಕುಡಿಯುವ ಚಾಳಿಯನ್ನೂ, ಅದು ಗುಳಿಗೆಯ ಗುಣ ಕೆಡಿಸುತ್ತದೆ ಎಂದು, ನರ್ಸಕ್ಕ ಬಿಡಿಸಿದ್ದಳು.

ಎಂಟು ತಿಂಗಳು ತುಂಬಿದಾಗ ಮತ್ತೆ ರಕ್ತ ನೋಡಿದರು. ಹತ್ತೂವರೆ. ಹೆರಿಗೆ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲೇ ಆಗಬಹುದು ಎಂದು ನರ್ಸಕ್ಕ ಹೇಳಿದಾಗ ದ್ಯಾವಪ್ಪ ಎಲ್ಲರೆದುರಿಗೇ ಕಣ್ಣೊರೆಸಿಕೊಂಡ. ಅಲ್ಲೇ ಆಯಿತು ಕೂಡ. ಹೆಣ್ಣು ಕೂಸು. ಕೂಸೂ ಗಟ್ಟಿ, ತಾಯಿಯೂ ಗಟ್ಟಿ.

ಈಗ ನೀರಿನ ಮಾತು ಕೇಳಲು ಬಂದವರನ್ನು ದ್ಯಾವಪ್ಪ ಮೊದಲು ತನ್ನ ಹಿತ್ತಲಿಗೆ ಕರೆದೊಯ್ಯುತ್ತಾನೆ. ನಿಮ್ಮ ಮನೆಯಲ್ಲಿ ಬಸುರಿ ಯಾರಿದ್ದಾರೆ ಎಂದು ಕೇಳುತ್ತಾನೆ. ಇದ್ದರೆ ಒಂದು ಹೊರೆ ಭತ್ತದ ಹುಲ್ಲು ಹೊರಿಸಿಯೇ ಕಳಿಸುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಶಿವರಾತ್ರಿ ಹತ್ತಿರ ಬಂದಿದೆ. ಕಾಲುವೆ ಬಂದ್ ಆಗುವ ಮೊದಲೇ ನಾಲ್ಕು ಹೆಜ್ಜೆ ಜಾಗದಲ್ಲಿ ಎತ್ತರದ ಮಡಿ ಮಾಡಿ. ಭತ್ತದ ಹುಲ್ಲನ್ನು ಸುಡಬೇಡಿ, ಮಡಿಗೆ ಹಾಸಿ. ಬೆರಳು ಊರಿ ನೋಡಿ ನೀರು ಹಾಕಿ. ಬೀಜ ಬೇಕಿದ್ದರೆ ನಿಮ್ಮೂರಿನ ಮಹಿಳಾ ಸಂಘದಲ್ಲಿ ಕೇಳಿ, ಗುಳಿಗೆ ಬೇಕಿದ್ದರೆ ನರ್ಸಕ್ಕನನ್ನು ಕೇಳಿ. ಇವತ್ತು ಊಟಕ್ಕೆ ಕುಳಿತಾಗ ನಿಮ್ಮ ಮನೆಯ ಬಸುರಿಯ ತಾಟನ್ನು ಒಮ್ಮೆ ನೋಡಿ. ಅದರಲ್ಲಿ ಹಸಿರು ಕಾಣದಿದ್ದರೆ ನಾಳೆ ಬೆಳಿಗ್ಗೆಯೇ ಹಿತ್ತಲಿಗೆ ಇಳಿಯಿರಿ.