ಡಾಂಬರಿನ ಬಿರಡೆ

"ಸುತ್ತಿಗೆ ಕೆಳಗಿಡು ಉಮೇಶ. ಇನ್ನೊಂದು ಏಟು ಹಾಕಿದ್ರೆ ನಾನು ಮನುಷ್ಯ ಆಗಿರಲ್ಲ."

"ಏಟು ಹಾಕದೆ ಒಳಗೆ ಏನಿದೆ ಅಂತ ಹೆಂಗೆ ಗೊತ್ತಾಗ್ತದೆ ಭಾವ? ಕಣಿ ಕೇಳ್ಲಾ?"

"ಬಿರುಕು ಬಿಟ್ಟಿದೆ, ವೆಲ್ಡಿಂಗ್ ಎಳಿ ಅಂದೆ. ಅಷ್ಟೇ ನಿನ್ನ ಕೆಲ್ಸ. ಇಡೀ ಗಾಡಿ ಬಡಿ ಅಂತ ಯಾರು ಹೇಳಿದ್ರು ನಿಂಗೆ?"

"ಗಟ್ಟಿ ಕಬ್ಬಿಣ ಸುಮ್ ಸುಮ್ನೆ ಬಿರುಕು ಬಿಡಲ್ಲ!"

"ನನ್ನ ಗಾಡಿ ನಂಗೆ ಗೊತ್ತು ಮಾರಾಯ. ನೀನು ನಂಗೆ ಹೇಳ್ಕೊಡಕ್ಕೆ ಬರಬೇಡ."

ಭಾವ ನನ್ನ ಕೈಯಿಂದ ಸುತ್ತಿಗೆ ಕಿತ್ತುಕೊಳ್ಳಲು ಬಂದರು. ನಾನು ಬಿಡಲಿಲ್ಲ. ಇಬ್ಬರೂ ಹಿಡಿ ಹಿಡಿದುಕೊಂಡು ಪಿಕಪ್ಪಿನ ಪಕ್ಕ ನಿಂತಿದ್ದೆವು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಮುರಿದ ಹಿಡಿ ಬೆಸುಗೆ ಹಾಕಿಸಲು ಬಂದಿದ್ದ ಕೆಂಚಯ್ಯ ನನ್ನ ವೆಲ್ಡಿಂಗ್ ಅಂಗಡಿ ಮುಂದಿನ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ. "ಭಾವ ಮೈದ ಹಗ್ಗ ಜಗ್ಗಾಟ ಆಡ್ತಿದೀರಾ?" ಎಂದ. ಭಾವನ ಕಿವಿ ಕೆಂಪಾಯಿತು. ಕೈ ಬಿಟ್ಟರು.

ಹಾಲೇಶ ಭಾವ ನನ್ನ ಅಕ್ಕನ ಗಂಡ. ವಸ್ತಾರೆ ಹತ್ತಿರ ಮನೆ. ಹಳೆಯ ಪಿಕಪ್ ಒಂದಿದೆ. ಮಳೆಗಾಲದಲ್ಲಿ ತೋಟಗಳಿಗೆ ಗೊಬ್ಬರ ಸಾಗಿಸುತ್ತಾರೆ. ಸುಗ್ಗಿ ಬಂತೆಂದರೆ ಕಾಫಿ ಹಣ್ಣು ಕೊಯ್ಯುವ ಹೆಂಗಸರನ್ನು ಬೆಳಿಗ್ಗೆ ಬಸವರಾಜಪ್ಪನವರ ಎಸ್ಟೇಟಿಗೆ ಹತ್ತಿಸಿ ಸಂಜೆ ಇಳಿಸುತ್ತಾರೆ. ಆ ಹೆಂಗಸರ ಗುಂಪು ಕಟ್ಟುವವಳು ನನ್ನ ಅಕ್ಕ. ಎಲ್ಲರೂ ಹತ್ತಿದ ಮೇಲೆ ಕೊನೆಗೆ ಅವಳು ಹತ್ತಿ ಹಿಂದಿನ ಬಾಗಿಲಿಗೆ ಒರಗಿ ಕೂರುತ್ತಾಳೆ. ಅವಳು ಕೂರುವ ಜಾಗದ ನೇರ ಕೆಳಗೇ ಬಿರುಕು ಬಿಟ್ಟಿತ್ತು, ಬಲಗಡೆ, ಹಿಂದಿನ ಸ್ಪ್ರಿಂಗ್ ಪಟ್ಟೆ ಗಾಡಿಯ ಅಡಿಗಟ್ಟಾದ ಚಾಸಿಗೆ ಸೇರುವಲ್ಲಿ.

ಭಾವ ಗಾಡಿ ನೋಡಿಕೊಳ್ಳುವ ರೀತಿಗೆ ಹೆಸರಾದವರು. ಮಳೆ ಹಿಡಿಯುವ ಮೊದಲು ವರ್ಷವೂ ಅಂಗಾತ ಮಲಗಿ ಇಡೀ ತಳಕ್ಕೆ ಸುಟ್ಟ ಆಯಿಲ್ ಬಳಿಯುತ್ತಾರೆ. ಕೆಳಗೆ ಬಗ್ಗಿ ನೋಡಿದರೆ ಚಾಸಿ ಎಮ್ಮೆ ಬೆನ್ನಿನ ಹಾಗೆ ಕರ್ರಗೆ ಮಿರುಗುತ್ತದೆ. ಬೇರೆ ಡ್ರೈವರ್‌ಗಳಿಗೆ ತೋರಿಸಿ, "ನೋಡ್ರೋ, ಗಾಡಿ ಅಂದ್ರೆ ಹಿಂಗಿಟ್ಕೋಬೇಕು" ಎನ್ನುತ್ತಾರೆ. ಆದರೆ ನನಗೆ ಆ ಕಪ್ಪಿನ ಮೇಲೆ ನಂಬಿಕೆ ಇರಲಿಲ್ಲ. ಸುತ್ತಿಗೆಯ ಮೊದಲ ಏಟಿಗೆ ಕಬ್ಬಿಣ 'ಠಣ್' ಎನ್ನಬೇಕಿತ್ತು. 'ದಬ್' ಎಂದಿತ್ತು. ಭಾವ ಕೂಗಾಡಲು ಶುರು ಮಾಡಿದ್ದು ಆ ಸದ್ದು ಕೇಳಿದ ಮೇಲೆ. ಅವರಿಗೂ ಕೇಳಿಸಿತ್ತು.

ನಾನು ಮತ್ತೆ ಗಾಡಿಯ ಕೆಳಗೆ ನುಗ್ಗಿದೆ. ಹಿಂದಿನ ಚಕ್ರ ಎರಡೂ ಆಗಲೇ ಬಿಚ್ಚಿ, ಚಾಸಿಗೆ ದಿಮ್ಮಿ ಕೊಟ್ಟು ನಿಲ್ಲಿಸಿದ್ದೆ. "ಬೇಡ ಅಂದೆ ಉಮೇಶ!" ಎಂದು ಭಾವ ಕೂಗುತ್ತಿರುವಾಗಲೇ ಹೊಡೆದೆ. ಸುತ್ತಿಗೆಯ ಮೂತಿ ಒಳಗೆ ಹೋಯಿತು. ಎಳೆದುಕೊಂಡಾಗ ತುಕ್ಕಿನ ಚಕ್ಕೆಗಳು ಬೊಗಸೆಗಟ್ಟಲೆ ನನ್ನ ಎದೆಯ ಮೇಲೆ ಸುರಿದವು. ಅದರ ಹಿಂದೆಯೇ ಕೆಂಪು ನೀರು. ಜನವರಿ ತಿಂಗಳು, ಮಳೆ ನಿಂತು ಎಷ್ಟೋ ಕಾಲವಾಗಿತ್ತು. ಆದರೂ ಚಾಸಿಯೊಳಗೆ ನೀರಿತ್ತು. ನಾಲಿಗೆಗೆ ತಾಗಿದ ಹನಿ ಉಪ್ಪುಪ್ಪಾಗಿತ್ತು. ಪೊಟ್ಯಾಷ್ ಗೊಬ್ಬರದ ಉಪ್ಪು.

"ಹಾಲೇಶ, ಒಳಗೆ ಗೆದ್ದಲು ಹುತ್ತ ಕಟ್ಟಿದೆ ಮಾರಾಯ" ಎಂದ ಕೆಂಚಯ್ಯ, ಬಗ್ಗಿ ನೋಡಿ.

ಯಾರೂ ನಗಲಿಲ್ಲ.

ನನಗೆ ಅರ್ಥವಾಗದೆ ಇದ್ದದ್ದು ಒಂದೇ. ಈ ಚಾಸಿ ಪೆಟ್ಟಿಗೆಯ ಹಾಗೆ ನಾಲ್ಕೂ ಕಡೆ ಮುಚ್ಚಿದ್ದು. ಮೇಲಿನ ಬೋಲ್ಟ್ ತೂತುಗಳಿಂದ ನೀರು ಇಳಿದೇ ಇಳಿಯುತ್ತದೆ. ಅದಕ್ಕೇ ಕಂಪನಿಯವರು ತಳದಲ್ಲಿ ಸಣ್ಣ ತೂತು ಬಿಟ್ಟಿರುತ್ತಾರೆ, ಇಳಿದದ್ದು ಹರಿದು ಹೋಗಲಿ ಎಂದು. ಇಲ್ಲಿ ನೀರು ಯಾಕೆ ನಿಂತಿತು? ಆಯಿಲ್ಲಿನ ಕಪ್ಪನ್ನು ಸ್ಕ್ರೂಡ್ರೈವರಿನಿಂದ ಕೆರೆದೆ. ತೂತು ಇರಬೇಕಾದಲ್ಲಿ ಏನೋ ಗಟ್ಟಿಯಾಗಿ ತುಂಬಿತ್ತು. ಮೀಟಿದೆ. ಡಾಂಬರಿನಲ್ಲಿ ಅದ್ದಿದ ಗೋಣಿಚೀಲದ ಚಿಂದಿ. ಬಿರಡೆಯ ಹಾಗೆ ಉರುಟಾಗಿ, ಅಚ್ಚುಕಟ್ಟಾಗಿ ಬಡಿದು ಕೂರಿಸಿದ್ದು. ಮುಂದಿನ ತೂತಿನಲ್ಲೂ ಅದೇ. ಎಡಗಡೆಯೂ ಅದೇ.

ಹೊರಗೆ ಬಂದು ಆ ಬಿರಡೆಯನ್ನು ಅಂಗೈಯಲ್ಲಿಟ್ಟು ತೋರಿಸಿದೆ.

"ಇದು ಯಾವ ಪುಣ್ಯಾತ್ಮನ ಕೆಲಸ?"

ಭಾವ ಅದನ್ನು ನೋಡಿದರು. "ನಂದೇ. ಯಾಕೆ?"

"ನಿಮ್ದಾ?"

"ಹೊಂಡದ ನೀರೆಲ್ಲ ಕೆಳಗಿಂದ ಒಳಗೆ ಹೊಡಿತಿತ್ತು. ಕೆಸರು ಹೋಗ್ತಿತ್ತು. ರಸ್ತೆ ಕೆಲಸದೋರ ಹತ್ರ ಡಾಂಬರು ಇಸ್ಕೊಂಡು ಬಂದು ಒಂದೊಂದೇ ಮುಚ್ಚಿದೆ. ಇಡೀ ದಿನ ಹಿಡೀತು." ಆ ಕೊನೆಯ ಮಾತನ್ನು ಅವರು ಹೇಳಿದ ರೀತಿ ನನಗಿನ್ನೂ ನೆನಪಿದೆ. ಶಾಲೆಯಲ್ಲಿ ಚಿತ್ರ ಬರೆದು ತೋರಿಸುವ ಮಗುವಿನ ಹಾಗೆ.

ಸುಮ್ಮನಿದ್ದರೆ ಆಗುತ್ತಿತ್ತು. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ.

"ನೀರು ಮೇಲಿಂದ ಬರ್ತದೆ ಭಾವ! ಗೊಬ್ಬರ ಇಳಿಸಿದ್ ಮೇಲೆ ಹಿಂದಿನ ತೊಟ್ಟಿಗೆ ನೀರು ಹೊಡೆದು ತೊಳಿತೀರಲ್ಲ, ಆ ಉಪ್ಪು ನೀರೆಲ್ಲ ಬೋಲ್ಟ್ ತೂತಲ್ಲಿ ಇಳಿದು ಇಲ್ಲೇ ಕೂತಿದೆ. ಹೋಗಕ್ಕೆ ದಾರಿ ಎಲ್ಲಿ? ನೀವೇ ಮುಚ್ಚಿದೀರಿ. ಹೊರಗೆ ಆಯಿಲ್ ಬಳಿದು ಒಳಗೆ ಉಪ್ಪಿನಕಾಯಿ ಹಾಕಿದೀರಿ."

ಕೆಂಚಯ್ಯ ಈ ಸಲ ನಕ್ಕುಬಿಟ್ಟ. ಎದುರಿನ ಟೀ ಅಂಗಡಿಯಲ್ಲಿ ನಿಂತಿದ್ದ ಇಬ್ಬರು ಡ್ರೈವರ್‌ಗಳೂ ನಕ್ಕರು. ಭಾವ ಬಗ್ಗಿಸಿ ತಳ ತೋರಿಸಿ ಬುದ್ಧಿ ಹೇಳಿದ್ದು ಅವರಿಗೇ.

ಭಾವನ ಮುಖ ಕಲ್ಲಾಯಿತು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಸರಿ. ಆದದ್ದಾಯ್ತು. ತೂತಿನ ಮೇಲೆ ಒಂದು ತಗಡು ಇಟ್ಟು ವೆಲ್ಡಿಂಗ್ ಮಾಡು. ಕಪ್ಪು ಬಳಿ. ಸಂಜೆ ಒಯ್ತೀನಿ."

"ತಗಡು ಯಾವುದಕ್ಕೆ ಹಿಡಿಸ್ಲಿ? ಸುತ್ತ ಮುತ್ತ ಕಬ್ಬಿಣವೇ ಇಲ್ಲ. ಕೊಳೆತಿದ್ದು ಪೂರ್ತಿ ಕತ್ತರಿಸ್ಬೇಕು. ಒಳಗೆ ತೊಳೆದು ಒಣಗಿಸ್ಬೇಕು. ಹೊಸ ಕಬ್ಬಿಣದ ಚಾನಲ್ ಕೂರಿಸ್ಬೇಕು. ವಾರ ಬೇಕು."

"ವಾರವಾ? ಹಣ್ಣು ಉದುರ್ತಾ ಇದೆ ಅಲ್ಲಿ. ಇವತ್ತು ಸಂಜೆ ಹೆಂಗಸರು ಹೆಂಗೋ ನಡ್ಕೊಂಡು ಬಂದಾರು, ನಾಳೆ ಬೆಳಿಗ್ಗೆ ಗಾಡಿ ಹೋಗ್ಲಿಲ್ಲ ಅಂದ್ರೆ ಎಸ್ಟೇಟ್ ಲೆಕ್ಕ ಬರೆಯೋ ರೈಟರ್ ಬೇರೆ ಗಾಡಿ ಕರೀತಾನೆ. ಒಂದ್ಸಲ ಹೊಕ್ಕೋನು ಬಿಟ್ಟು ಹೋಗ್ತಾನಾ? ನನ್ನ ಕಥೆ ಮುಗೀತು."

"ಆ ಎಸ್ಟೇಟ್ ಇಳಿಜಾರಲ್ಲಿ ಇದು ಎರಡು ತುಂಡಾದ್ರೆ?"

"ಸುಗ್ಗಿ ಮುಗಿಯೋ ತನಕ ತಡಿತದೆ."

"ಯಾರು ಹೇಳಿದ್ರು ನಿಮಗೆ? ಈ ಬಿರಡೆ ಹೇಳ್ತಾ?"

ಭಾವ ಜೇಬಿನಿಂದ ಫೋನ್ ತೆಗೆದು ಅಕ್ಕನಿಗೆ ಹಚ್ಚಿದರು, ಸ್ಪೀಕರ್ ಹಾಕಿದರು. "ನಿನ್ನ ತಮ್ಮನಿಗೆ ಸ್ವಲ್ಪ ಹೇಳು. ಗಾಡಿ ಬಿಚ್ಚಿ ಇಟ್ಕೊಂಡು ಕೂತವ್ನೆ, ಕೊಡಲ್ಲ ಅಂತಾನೆ."

ಬೆಳಿಗ್ಗೆ ಇದೇ ಗಾಡಿಯಲ್ಲಿ ಹೋಗಿದ್ದ ಅಕ್ಕ ತೋಟದಲ್ಲಿದ್ದಳು. ಹಿಂದೆ ಹೆಂಗಸರ ಮಾತು, ಟೊಂಗೆ ಬಗ್ಗಿಸುವ ಸದ್ದು ಕೇಳುತ್ತಿತ್ತು.

"ಎಂತದೋ ಉಮೇಶ, ನಿಂದು ಹಟ?"

"ಅಕ್ಕ, ಚಾಸಿ ಕೊಳೆತು ಹೋಗಿದೆ. ನೀನು ಕೂರೋ ಜಾಗದ ಕೆಳಗೇ. ಕೈ ಹಾಕಿದ್ರೆ ಉದುರ್ತದೆ."

"ಹೌದಾ?" ಹಿಂದಿನ ಹೆಂಗಸರ ಮಾತು ದೂರವಾಯಿತು. ಆಮೇಲೆ, "ಸದ್ಯಕ್ಕೆ ಏನಾದ್ರೂ ಒಂದು ಹಾಕಿ ಕೊಡೋ. ಸುಗ್ಗಿ ಮುಗೀಲಿ, ಆಮೇಲೆ ನಿಂಗೆ ಬೇಕಾದ್ ಹಂಗೆ ಮಾಡು. ನಾನು ಬೇಕಾದ್ರೆ ಮುಂದೆ ಕೂರ್ತೀನಿ."

"ಹಿಂದೆ ಕೂತೋರು?"

"ಹಂಗೆಲ್ಲ ಬಿಡ್ತು ಅನ್ನು. ನಿಮ್ಮ ಭಾವ ನಿಧಾನಕ್ಕೆ ಓಡಿಸ್ತಾರೆ. ಅವ್ರ ಮಾತು ಮೀರ್ಬೇಡ ಕಣೋ." ಫೋನ್ ಇಟ್ಟಳು.

"ಕೇಳಿಸ್ತಲ್ಲ?" ಎಂದರು ಭಾವ. "ಗಾಡಿ ನಂದು. ಹೆಂಡ್ತಿ ನಂದು. ನೀನು ಬೆಸುಗೆ ಹಾಕೋನು. ಹಾಕು, ಇಲ್ಲ ಬಿಡು. ಪೇಟೇಲಿ ನೀನೊಬ್ನೇ ಅಲ್ಲ."

ಸ್ಪ್ಯಾನರ್ ಎತ್ತಿಕೊಂಡು ಬಿಚ್ಚಿಟ್ಟ ಚಕ್ರವನ್ನು ಉರುಳಿಸಿಕೊಂಡು ಬಂದರು. ಎಡಗಡೆಯ ಚಕ್ರ ತಾವೇ ಹಾಕಿ ಬೋಲ್ಟ್ ಬಿಗಿದರು. ನಾನು ನೋಡುತ್ತ ನಿಂತಿದ್ದೆ. ಇವರು ಚಿಕ್ಕಮಗಳೂರಿಗೆ ಒಯ್ಯುತ್ತಾರೆ. ಅಲ್ಲಿ ಯಾವನೋ ಒಬ್ಬ ಇದರ ಕಥೆ ಗೊತ್ತಿಲ್ಲದವನು ತಗಡು ಅಂಟಿಸಿ, ಸಂದು ಮುಚ್ಚಲು ಪುಟ್ಟಿ ಮೆತ್ತಿ, ಕಪ್ಪು ಬಣ್ಣ ಹೊಡೆದು ಕಳಿಸುತ್ತಾನೆ. ನಾಳೆ ಬೆಳಿಗ್ಗೆ ಹೆಂಗಸರು ಹತ್ತುತ್ತಾರೆ. ಅಕ್ಕ ಮುಂದೆ ಕೂರುತ್ತೇನೆ ಎಂದದ್ದು ಸುಳ್ಳು. ಅವಳು ಯಾವತ್ತೂ ತನ್ನ ಜನರನ್ನು ಹಿಂದೆ ಬಿಟ್ಟು ಮುಂದೆ ಕೂತವಳಲ್ಲ.

ಭಾವ ಬಲಗಡೆಯ ಚಕ್ರ ಉರುಳಿಸಲು ಹೋದರು.

ನಾನು ಗ್ರೈಂಡರ್ ಎತ್ತಿಕೊಂಡೆ. ಕತ್ತರಿಸುವ ಬಿಲ್ಲೆ ಆಗಲೇ ಹಾಕಿತ್ತು.

"ಏಯ್, ಎಂತ ಮಾಡ್ತಿದ್ದೀಯ?"

ಗಾಡಿಯ ಕೆಳಗೆ ಹೋಗಿ ಮಲಗಿ ಸ್ವಿಚ್ ಒತ್ತಿದೆ. ಕಿಡಿ ಹಾರಿತು. ಭಾವ ಏನೋ ಕೂಗುತ್ತಿದ್ದರು, ಗ್ರೈಂಡರಿನ ಕಿರುಚಾಟದಲ್ಲಿ ಒಂದೂ ಕೇಳಲಿಲ್ಲ. ನನ್ನ ಕಾಲು ಹಿಡಿದು ಎಳೆದರು. ಒದ್ದೆ. ಯಾರನ್ನು ಒದೆಯುತ್ತಿದ್ದೇನೆಂದು ಗೊತ್ತಿದ್ದೇ ಒದ್ದೆ. ತಳ ಸೀಳಿತು, ಪಕ್ಕ ಸೀಳಿತು. ಮೇಲ್ಗಡೆ ಮಾತ್ರ ಒಂದಿಷ್ಟು ಗಟ್ಟಿ ಕಬ್ಬಿಣ ಉಳಿದಿತ್ತು, ಅದನ್ನೂ ಬಿಡಲಿಲ್ಲ. ಚಾಸಿ 'ಟಕ್' ಎಂದು ಬೇರೆಯಾಗಿ ಹಿಂದಿನ ತುದಿ ದಿಮ್ಮಿಯ ಮೇಲೆ ಕೂತುಕೊಂಡಿತು.

ಸ್ವಿಚ್ ಬಿಟ್ಟೆ. ರಸ್ತೆಯಲ್ಲಿ ಬಸ್ಸೊಂದು ಹೋದದ್ದು ಕೇಳಿತು.

ಹೊರಗೆ ಬಂದು ನಿಂತು ಹೇಳಿದೆ: "ಈಗ ಓಡಿಸು ನೋಡೋಣ."

ಭಾವನಿಗೆ ನಾನು ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು. ಅಕ್ಕನ ಮದುವೆಯಲ್ಲಿ ಅವರ ಕಾಲು ತೊಳೆಯುವಾಗ ನೀರಿನ ಚೊಂಬು ಹಿಡಿದಿದ್ದವನು ನಾನು. ಕೆಂಚಯ್ಯ ಎಲೆ ಅಡಿಕೆ ಉಗಿದು ಎದ್ದು ನಿಂತ. "ಉಮೇಶ, ಇದು ಅತಿಯಾಯ್ತು ಕಣೋ" ಎಂದ. ಅವನಿಗೂ ಬೈದೆ. ನಿನ್ನ ಪಲ್ಪರಿನ ಹಿಡಿ ಬೇಕಿದ್ದರೆ ಬೇರೆ ಕಡೆ ಹಾಕಿಸಿಕೋ ಎಂದೆ.

ಭಾವ ಬೈಯಲಿಲ್ಲ, ಕೈ ಎತ್ತಲಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಬಗ್ಗಿ ಕತ್ತರಿಸಿದ ಜಾಗ ನೋಡಿದರು. ಬೆರಳಿನಿಂದ ಅಂಚು ಮುಟ್ಟಿದರು. ಅಂಚು ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಆ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಈಗಲಾದರೂ ಹೌದು ಎನ್ನುತ್ತಾರೆ ಎಂದುಕೊಂಡೆ. "ವಾರ ಅಂದ್ಯಲ್ಲ, ಮಾಡು" ಎಂದಿದ್ದರೆ ಸಾಕಿತ್ತು.

ಅವರು ಹಿಂದಿನ ತೊಟ್ಟಿಗೆ ಕೈ ಹಾಕಿ ಮರದ ಸಣ್ಣ ಸ್ಟೂಲು ತೆಗೆದುಕೊಂಡರು. ಹೆಂಗಸರು ಹತ್ತಲು ಇಟ್ಟುಕೊಂಡದ್ದು. ತಾವೇ ಹಲಸಿನ ಹಲಗೆಯಲ್ಲಿ ಮಾಡಿದ್ದು. ಬೀಗದ ಕೈಯನ್ನು ನನ್ನ ಬೆಸುಗೆ ಮೇಜಿನ ಮೇಲಿಟ್ಟರು. ಸ್ಟೂಲನ್ನು ಕಂಕುಳಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡ್ ಕಡೆಗೆ ನಡೆದರು. ಟೀ ಅಂಗಡಿಯ ಡ್ರೈವರ್‌ಗಳು ದಾರಿ ಬಿಟ್ಟರು. ಈ ಸಲ ಯಾರೂ ನಗಲಿಲ್ಲ.

ಸಂಜೆ ಫೋನ್ ಮಾಡಿದೆ, ಎತ್ತಲಿಲ್ಲ. ಅಕ್ಕನೂ ಎತ್ತಲಿಲ್ಲ.

ನಾನು ಕೆಲಸ ಶುರು ಮಾಡಿದೆ. ತುಕ್ಕಿಲ್ಲದ ಬಿಳಿ ಕಬ್ಬಿಣ ಸಿಗುವವರೆಗೆ ಕತ್ತರಿಸುತ್ತ ಹೋದೆ. ಚಾಸಿಯೊಳಗೆ ಪೈಪ್ ಬಿಟ್ಟು ಉಪ್ಪು ಹೋಗುವವರೆಗೆ ತೊಳೆದೆ. ಬಿಸಿಲಿಗೆ ಬಿಟ್ಟೆ, ಗಾಳಿ ಹೊಡೆದು ಒಣಗಿಸಿದೆ. ಹೊಸ ಚಾನಲ್ ಕೂರಿಸಿ, ಕಾವಿಗೆ ಸೊಟ್ಟಗಾಗದ ಹಾಗೆ ಚೂರು ಚೂರೇ ಬೆಸೆದೆ. ಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್, ಅದರ ಮೇಲೆ ಬಣ್ಣ, ಒಳಗೆ ಮೇಣ ಬೆರೆಸಿದ ಆಯಿಲ್. ತಳದ ತೂತುಗಳನ್ನು ಒಂದೂ ಬಿಡದೆ ತೆರೆದೆ, ಸ್ವಲ್ಪ ದೊಡ್ಡದೇ ಮಾಡಿದೆ. ಗೊಬ್ಬರ ಹೊತ್ತ ದಿನ ತೊಟ್ಟಿ ಮಾತ್ರ ಅಲ್ಲ, ಕೆಳಗಿಂದಲೂ ನೀರು ಹೊಡೆಯಬೇಕು, ತೂತಿಗೆ ತಂತಿ ಹಾಕಿ ಕೆಸರು ತೆಗೆಯಬೇಕು ಎಂದು ಭಾವನಿಗೆ ಹೇಳಬೇಕೆಂದುಕೊಂಡಿದ್ದೆ. ಇಷ್ಟು ನೀಟಾಗಿ ನಾನು ಯಾರ ಗಾಡಿಯನ್ನೂ ಮಾಡಿದವನಲ್ಲ.

ಕೆಲಸ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಟೀ ಅಂಗಡಿಯ ಮುಂದೆ ಬೇರೆ ಪಿಕಪ್ಪೊಂದು ನಿಂತಿತು. ಹಿಂದೆ ಹೆಂಗಸರು. ಬಾಗಿಲಿಗೆ ಒರಗಿ ಅಕ್ಕ. ಅವಳ ಕಾಲ ಬಳಿ ಹಲಸಿನ ಸ್ಟೂಲು.

ಓಡಿಹೋಗಿ ಗಾಡಿಯ ಕೆಳಗೆ ಬಗ್ಗಿದೆ. ಕರ್ರಗೆ ಮಿರುಗುತ್ತಿತ್ತು. ಹೊಸದಾಗಿ ಸುಟ್ಟ ಆಯಿಲ್ ಬಳಿದಿದ್ದರು. ಕೈಯಲ್ಲಿ ಸುತ್ತಿಗೆ ಇರಲಿಲ್ಲ. ಬೆರಳ ಗಂಟಿನಿಂದ ಕುಟ್ಟಿದೆ. ಎಂಜಿನ್ ಸದ್ದಿನಲ್ಲಿ ಏನೂ ತಿಳಿಯಲಿಲ್ಲ.

"ಯಾರ್ರೀ ಅದು ಕೆಳಗೆ?" ಎಂದ ಅದರ ಡ್ರೈವರ್.

"ಏಳೋ ಉಮೇಶ" ಎಂದಳು ಅಕ್ಕ ಮೇಲಿನಿಂದ. "ಜನ ನೋಡ್ತಾರೆ."

"ಅಕ್ಕ, ಇಳಿ ಕೆಳಗೆ. ಈ ಗಾಡಿ ಹೆಂಗಿದೆಯೋ ಏನೋ. ಭಾವನ ಗಾಡಿ ಇನ್ನೆರಡು ದಿನ, ರೆಡಿ ಆಗ್ತದೆ. ಬರೋಕೆ ಹೇಳು ಅವರಿಗೆ."

"ಅವ್ರು ಹಣ್ಣು ಕೊಯ್ಯೋಕೆ ಹೋಗ್ತಾರೆ ಈಗ. ನಮ್ಮ ಜೊತೆಗೇ." ಅಕ್ಕ ನನ್ನ ಮುಖ ನೋಡಲಿಲ್ಲ. "ಮುಂದೆ ಕೂತಿದಾರೆ."

ನಾನು ಮುಂದಕ್ಕೆ ಹೋಗುವಷ್ಟರಲ್ಲಿ ಗಾಡಿ ಹೊರಟಿತು. ಕಿಟಕಿಯಲ್ಲಿ ಒಂದು ಮೊಣಕೈ ಕಂಡಿತು. ಅದು ಒಳಗೆ ಹೋಯಿತು.

ಸುಗ್ಗಿ ಮುಗಿಯಿತು. ಕಾಫಿ ಹೂ ಅರಳಿಸುವ ಹೂಮಳೆ ಬಂತು. ಭಾವನ ಪಿಕಪ್ ಅಂಗಡಿ ಪಕ್ಕದಲ್ಲೇ ನಿಂತಿದೆ, ಬೀಗದ ಕೈ ಮೊಳೆಗೆ ನೇತು ಹಾಕಿದ್ದೇನೆ. ಮಳೆ ಬಿದ್ದ ದಿನ ಬಗ್ಗಿ ನೋಡಿದೆ. ತಳದ ತೂತುಗಳಿಂದ ನೀರು ಹನಿಹನಿಯಾಗಿ ಇಳಿಯುತ್ತಿತ್ತು, ಒಂದೂ ತಪ್ಪದೆ.

ಭಾವ ಬರಲಿಲ್ಲ.