ಡಬ್ಬಿ ತುಂಬ ಬಿಸಿನೀರು

ಚಳಿ ಬೀಡುಬಿಟ್ಟಿದ್ದ ಕಾಲ. ಹೊಲಗಳಲ್ಲಿ ಆಲೂಗಡ್ಡೆ ಅಗೆದು ಮುಗಿದು, ಮೂಟೆಗಳೆಲ್ಲ ಊರಾಚೆಯ ಕೋಲ್ಡ್ ಸ್ಟೋರೇಜು ಸೇರಿದ್ದವು. ಹೊಲದ ಕೆಲಸ ನಿಂತ ಹೆಂಗಸರಿಗೆಲ್ಲ ಈಗ ಅಲ್ಲೇ ಕೆಲಸ. ಕೊಳೆತದ್ದು, ಮೊಳೆತದ್ದು, ಹಸಿರು ತಿರುಗಿದ್ದು ಆರಿಸಿ ತೆಗೆಯಬೇಕು. ಹೊರಗೆ ಒಂದು ಚಳಿಯಾದರೆ ಒಳಗೆ ಯಂತ್ರ ಊದುವ ಇನ್ನೊಂದು ಚಳಿ. ಗೂಡಜ್ಜನ ಸೊಸೆಯೂ ದಿನಾ ಬೆಳಿಗ್ಗೆ ಎರಡೆರಡು ಸ್ವೆಟರ್ ಹಾಕಿಕೊಂಡು ಆ ಚಳಿಯೊಳಕ್ಕೆ ಹೋಗುತ್ತಿದ್ದಳು.

ಅಂದೂ ಅವಳು ಹಿತ್ತಿಲಲ್ಲಿ ಮುಖ ತೊಳೆಯುತ್ತಿರುವಾಗಲೇ ಗೂಡಜ್ಜ ಒಲೆಯ ಮುಂದೆ ನಿಂತಿದ್ದ. ಒಂದು ಕಡೆ ಕಾಳು, ಗಜ್ಜರಿ ಹಾಕಿದ ಗಂಜಿ ಗಟ್ಟಿಯಾಗಿ ಕುದಿಯುತ್ತಿತ್ತು. ಇನ್ನೊಂದು ಕಡೆ ಬರೀ ನೀರು ಕುದಿಯುತ್ತಿತ್ತು. ಆ ನೀರು ಡಬ್ಬಿಗೆ. ಎರಡು ಗೋಡೆಯ ಸ್ಟೀಲಿನ ಹಾಟ್‌ಬಾಕ್ಸ್ ಡಬ್ಬಿ ಅದು. ಅಂಗಡಿಯವನು ಕೊಡುವಾಗ ಸಂಜೆಯವರೆಗೂ ಬಿಸಿ ಇರುತ್ತೆ ಎಂದಿದ್ದ. ಮೊದಲ ದಿನ ಮಧ್ಯಾಹ್ನಕ್ಕೇ ಊಟ ಉಗುರುಬೆಚ್ಚಗಾಗಿತ್ತು. "ಅಂಗಡಿಯವನ ಮಾತಿನ ಬಿಸಿ ಅಂಗಡಿ ಬಾಗಿಲವರೆಗೆ" ಎಂದ ಗೂಡಜ್ಜ, ಅಂದಿನಿಂದ ಡಬ್ಬಿಯನ್ನು ತನ್ನ ಕೈಗೆ ತೆಗೆದುಕೊಂಡ.

ಬಿಸಿಯ ಸಂಗತಿ ಅವನಿಗೆ ಹೊಸದೇನಲ್ಲ. ಮೈಯಲ್ಲಿ ಶಕ್ತಿ ಇರುವವರೆಗೂ ಇಟ್ಟಿಗೆ ಗೂಡಿಗೆ ಬೆಂಕಿ ಹಾಕಿದವನು. ಹೆಸರು ಬಂದದ್ದೂ ಅಲ್ಲಿಂದಲೇ. ತಣ್ಣನೆಯ ಗೂಡಿಗೆ ಒಮ್ಮೆಲೇ ಬೆಂಕಿ ಕೊಟ್ಟರೆ ಇಟ್ಟಿಗೆ ಬೇಯುವುದಿಲ್ಲ, ಮೊದಲು ಗೂಡು ಕಾಯಬೇಕು. ಬಾಯಿ ಮುಚ್ಚಿ ಮಣ್ಣು ಮೆತ್ತುವಾಗ ಬೆರಳು ತೂರುವಷ್ಟೂ ಸಂದು ಬಿಡಬಾರದು. ಡಬ್ಬಿಯೂ ಹಾಗೇ. ಮೊದಲು ಕುದಿಯುವ ನೀರು ತುಂಬಿ ಮುಚ್ಚಿಟ್ಟು ಅದರ ಹೊಟ್ಟೆ ಕಾಯಿಸುತ್ತಿದ್ದ. ಆಮೇಲೆ ನೀರು ಚೆಲ್ಲಿ, ಕುದಿಯುವ ಗಂಜಿಯನ್ನು ಕಂಠಪೂರ್ತಿ ತುಂಬಿ, ಮುಚ್ಚಳ ಬಿಗಿದು, ಟವೆಲ್ಲು ಸುತ್ತಿ, ಹಳೆಯ ಕಂಬಳಿಯಲ್ಲಿ ಹೊಲಿದ ಚೀಲಕ್ಕೆ ಇಳಿಸುತ್ತಿದ್ದ. ಸಂಜೆ ಸೊಸೆ ಬಂದ ಕೂಡಲೇ ಅವನದು ಒಂದೇ ಪ್ರಶ್ನೆ: "ಹೊಗೆ ಆಡ್ತಿತ್ತಾ?"

"ನಾಲಿಗೆ ಸುಟ್ಟುಕೊಂಡೆ ಮಾವ."

ಆ ಮಾತು ಕೇಳಿದರೆ ಅವನಿಗೆ ಹೊಟ್ಟೆ ತುಂಬಿದ ಹಾಗೆ.

ಇಷ್ಟಕ್ಕೆಲ್ಲ ಕಾರಣವಿತ್ತು. ಹಿಂದಿನ ವರ್ಷ ಗೂಡಿನ ಮೇಲಿಂದ ಬಿದ್ದು ಅವನ ಸೊಂಟದ ಮೂಳೆ ಮುರಿದಿತ್ತು. ಮಗ ಲಾರಿ ಡ್ರೈವರು, ವಾರಕ್ಕೊಮ್ಮೆ ಮನೆ ಕಂಡರೆ ಹೆಚ್ಚು. ಸೊಸೆಯೇ ಕೆಲಸ ಬಿಟ್ಟು, ಮಗುವಿಗೆ ಮಾಡುವ ಹಾಗೆ ಮಾವನ ಮೈ ತೊಳೆದಳು, ತುತ್ತು ಕೊಟ್ಟಳು, ಹಾಸಿಗೆಯ ಕೆಳಗಿನ ಪಾತ್ರೆ ಎತ್ತಿದಳು. ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಎದ್ದು ನಡೆಯುವಂತಾದ ಮೇಲೆ ಅವನಿಗೆ ಮಾಡಿಕೊಡಲು ಸಿಕ್ಕಿದ್ದು ಈ ಡಬ್ಬಿ ಒಂದೇ.

ಅದಕ್ಕೂ ಈಗ ಕುತ್ತು ಬಂದಿತ್ತು. ಗೂಡಜ್ಜನಿಗೆ ಮರೆವು ಶುರುವಾಗಿತ್ತು. ಒಂದು ದಿನ ಎರಡು ಸಲ ಉಪ್ಪು ಹಾಕಿದ. ಇನ್ನೊಂದು ದಿನ ಗ್ಯಾಸ್ ಹಾಗೇ ಬಿಟ್ಟು ಅಂಗಳಕ್ಕೆ ಹೋಗಿದ್ದ. ಕಳೆದ ವಾರ ಬಂದ ಮಗ ಊಟದ ಮಧ್ಯೆ ಹೇಳಿದ್ದ: "ಅಪ್ಪಾ, ಇನ್ನೊಂದು ಸಲ ಹೀಗಾದ್ರೆ ನೀನು ಒಲೆ ಹತ್ರ ಹೋಗೋದು ಬೇಡ. ಅವಳು ಕ್ಯಾಂಟೀನಲ್ಲಿ ತಿಂದುಕೊಳ್ತಾಳೆ." ಸಿಟ್ಟಿನಿಂದ ಆಡಿದ ಮಾತಲ್ಲ. ಅದಕ್ಕೇ ಎದುರು ಮಾತಾಡಲು ಗೂಡಜ್ಜನಿಗೆ ಬಾಯಿ ಬಂದಿರಲಿಲ್ಲ.

ಆ ಬೆಳಿಗ್ಗೆ ಅವನಿಗೆ ಹೊಸ ಬುದ್ಧಿಯೊಂದು ಹೊಳೆಯಿತು. ಡಬ್ಬಿ ಕಾಯುತ್ತದೆ ಸರಿ, ಚೀಲ ತಣ್ಣಗೇ ಇರುತ್ತದಲ್ಲ? ಬಿಸಿನೀರಿನ ಡಬ್ಬಿಯನ್ನು ಟವೆಲ್ಲಿನ ಸಮೇತ ಚೀಲದಲ್ಲಿಟ್ಟರೆ, ಗಂಜಿ ಬೇಯುವಷ್ಟರಲ್ಲಿ ಕಂಬಳಿಯೂ ಬೆಚ್ಚಗಾಗುತ್ತದೆ. ಹಾಗೇ ಇಟ್ಟ. ಅಷ್ಟರಲ್ಲಿ ಪಕ್ಕದ ಮನೆಯ ಕರು ಹಗ್ಗ ಕಿತ್ತುಕೊಂಡು ಬಂದು ಅವನ ಸೊಪ್ಪಿನ ಮಡಿಗೆ ಬಾಯಿ ಹಾಕಿತು. ಒಲೆ ಆರಿಸಿ, ಆರಿಸಿದ್ದನ್ನು ಎರಡು ಸಲ ನೋಡಿಕೊಂಡು, ಕೋಲು ಹಿಡಿದು ಹೊರಟ. ಕರುವನ್ನು ಬೈದು, ಕರುವಿನ ಒಡತಿಯನ್ನೂ ಬೈದು ಒಳಗೆ ಬಂದಾಗ ಕೆಲಸದ ವ್ಯಾನು ಹಾರ್ನ್ ಹೊಡೆದು ಹೋಗಿಯಾಗಿತ್ತು. ಸೊಸೆ ಇರಲಿಲ್ಲ. ಚೀಲವೂ ಇರಲಿಲ್ಲ. ಪಾತ್ರೆಯ ಗಂಜಿ ಮಾತ್ರ ಇದ್ದ ಹಾಗೇ ಇತ್ತು.

ಗೂಡಜ್ಜ ಅಲ್ಲೇ ಗೋಡೆ ಹಿಡಿದು ಕೂತ. ಮುಗಿಯಿತು ಅನ್ನಿಸಿತು. ಮಗನ ಮಾತು ನೆನಪಾಯಿತು. ಮರುಕ್ಷಣ, ಆ ಚಳಿಯಲ್ಲಿ ಮುಚ್ಚಳ ತೆಗೆದು ಬರೀ ನೀರು ನೋಡುವ ಸೊಸೆಯ ಮುಖ ಕಣ್ಣಿಗೆ ಬಂತು. ಒಲೆ ಹೋದರೆ ಹೋಗಲಿ, ಮೊದಲು ಹುಡುಗಿಯ ಹೊಟ್ಟೆ ತುಂಬಲಿ ಎಂದುಕೊಂಡು ಎದ್ದ.

ಮನೆಯಲ್ಲಿ ಇನ್ನೊಂದು ಬಿಸಿ ಡಬ್ಬಿ ಇರಲಿಲ್ಲ. ಗಂಜಿಯನ್ನು ಮತ್ತೆ ಕುದಿಸಿದ. ದೊಡ್ಡ ಬುಟ್ಟಿಯ ತಳಕ್ಕೆ ಒಣಹುಲ್ಲು ಒತ್ತಿ ಹಾಸಿ, ಪಾತ್ರೆಯನ್ನು ಮುಚ್ಚಿದ ಹಾಗೇ ಇಳಿಸಿ, ಸುತ್ತಲೂ ಹುಲ್ಲು ತುರುಕಿದ. ಮೇಲೆ ತಾನು ಹೊದೆಯುವ ರಗ್ಗನ್ನೇ ಮಡಿಸಿ ಬಿಗಿದ. ಇಟ್ಟಿಗೆಯ ಗೂಡು ಕಟ್ಟಿದ ಕೈಯಲ್ಲಿ ಗಂಜಿಯ ಗೂಡು ಕಟ್ಟಿ, ರಸ್ತೆಗೆ ಬಂದು ಹಾಲಿನ ಗಾಡಿಗೆ ಕಾದು ನಿಂತ.

ಹಾಲಿನವನು ಬುಟ್ಟಿ ನೋಡಿ ಹುಬ್ಬೇರಿಸಿದ. "ಏನಜ್ಜಾ, ಕೋಳಿ ಕಾವಿಗೆ ಕೂತಿದೆಯಾ?"

"ಹೂಂ. ನಿನ್ನ ಬಾಯಿ ಮುಚ್ಚಿದ್ರೆ ಮರಿ ಬೇಗ ಆಗುತ್ತೆ. ಮೆಲ್ಲಗೆ ಓಡಿಸು."

"ಸೊಂಟ ನೆಟ್ಟಗಾಗಿ ಇನ್ನೂ ವರ್ಷ ಆಗಿಲ್ಲ. ಸೊಸೆಗೆ ಗೊತ್ತಾದ್ರೆ ನನಗೂ ಸೇರಿಸಿ ಮಂಗಳಾರತಿ."

ಹಾಗೆಂದರೂ ಕೆಳಗಿಳಿದು, ಕ್ಯಾನುಗಳನ್ನು ಸರಿಸಿ, ಬುಟ್ಟಿಗೆ ಜಾಗ ಮಾಡಿದ. ಡೈರಿಯ ದಾರಿ ಬಿಟ್ಟು ಕೋಲ್ಡ್ ಸ್ಟೋರೇಜಿನ ಗೇಟಿನವರೆಗೂ ತಂದು ಇಳಿಸಿದ. ಬುಟ್ಟಿ ಕೆಳಗಿಡುವಾಗ, ವಾಪಸ್ಸು ಸೊಸೆಯ ಜೊತೆ ವ್ಯಾನಲ್ಲೇ ಬರಬೇಕು, ನಡೆದು ಬರಕೂಡದು ಎಂದು ಆಣೆ ಮಾಡಿಸಿಕೊಂಡು ಹೋದ.

ದಾರಿಯಲ್ಲಿ ಹಾಲು ಅಳೆದುಕೊಳ್ಳುತ್ತ ಬಂದದ್ದರಿಂದ ಊಟದ ಹೊತ್ತಾಗಿತ್ತು. ಕಾವಲುಗಾರ ತೋರಿಸಿದ ಶೆಡ್ಡಿನ ಕಡೆಗೆ ಗೂಡಜ್ಜ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಹೆಜ್ಜೆ ಹಾಕಿದ. ಒಳಗಿಂದ ನಗು ಕೇಳಿತು. ನನ್ನನ್ನೇ ಆಡಿಕೊಂಡು ನಗುತ್ತಿದ್ದಾರೆ ಎಂದುಕೊಂಡು ಬಾಗಿಲಲ್ಲೇ ನಿಂತ.

ಹೆಂಗಸರು ಬೆಂಚುಗಳ ಮೇಲೆ ಒತ್ತೊತ್ತಾಗಿ ಕೂತಿದ್ದರು. ನಡುವೆ ಒಂದು ಬೇಸಿನ್ನು, ಅದರಲ್ಲಿ ಹಬೆಯಾಡುವ ನೀರು. ಪಾಳಿ ಹಿಡಿದು ಬೆರಳು ಅದ್ದುತ್ತಿದ್ದರು. "ಸಾಕು ತೆಗಿಯೇ, ನೀನೇನು ಬೇಯಿಸಿಕೊಳ್ತಿದ್ದೀಯಾ?" ಎಂದು ಒಬ್ಬಳು ಇನ್ನೊಬ್ಬಳ ಮೊಣಕೈ ಎಳೆಯುತ್ತಿದ್ದಳು. ಸೊಸೆಯ ತೊಡೆಯ ಮೇಲೆ ಡಬ್ಬಿಯ ಮುಚ್ಚಳ, ಅದರಲ್ಲಿ ನಾಲ್ಕಾರು ಜನರ ಮನೆಯಿಂದ ಬಂದ ಚೂರುಪಾರು ಊಟ.

ಎಲ್ಲರಿಗಿಂತ ಹಿರಿಯಳಾದ, ದೊಡ್ಡಕ್ಕ ಎಂದು ಕರೆಯುವ ಹೆಂಗಸು ಅವನನ್ನು ಮೊದಲು ನೋಡಿದಳು. "ಓ, ಬಿಸಿನೀರಿನ ದಾನಿಗಳೇ ಬಂದ್ರಲ್ಲ. ಬನ್ನಿ ಅಜ್ಜ. ನಿಮ್ಮ ಸೊಸೆ ಹೇಳಿದ್ಲು, ಹೆಂಗಸರ ಕೈ ಮರಗಟ್ಟುತ್ತೆ, ಇವತ್ತು ನೀರು ಒಯ್ಯಿ ಅಂತ ಕಳಿಸಿದ್ರಂತೆ. ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ, ಇಷ್ಟು ವರ್ಷದಲ್ಲಿ ನನಗೆ ಕೈ ಇದೆ ಅಂತಾನೇ ಅವರಿಗೆ ಗೊತ್ತಿಲ್ಲ."

ಮತ್ತೆ ನಗು ಎದ್ದಿತು. ಆ ನಗುವಿನಲ್ಲಿ ಅವನನ್ನು ಹಂಗಿಸುವುದು ಏನೂ ಇರಲಿಲ್ಲ. ಗೂಡಜ್ಜ ಸೊಸೆಯ ಕಡೆ ನೋಡಿದ. ಅವಳು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು.

"ಊಟ ಎಲ್ಲೇ ಅಂದ್ರೆ ಹಸಿವಿಲ್ಲ ಅಂತಾಳೆ," ದೊಡ್ಡಕ್ಕ ಮುಂದುವರಿಸಿದಳು. "ಬೆಳಿಗ್ಗೆಯಿಂದ ನಮ್ಮ ಜೊತೆ ಮೂಟೆ ಎಳೆದವಳಿಗೆ ಹಸಿವಿಲ್ವಂತೆ. ಬಾಯಿಗೆ ತುರುಕ್ತಾ ಇದ್ದೀವಿ."

ನಿಜ ಹೇಳಬೇಕೆಂದು ಬಾಯಿ ತೆರೆದ ಗೂಡಜ್ಜನಿಗೆ, ಈಗ ಹೇಳಿದರೆ ಇಷ್ಟು ಜನರ ಮುಂದೆ ಸುಳ್ಳಾಗುವವಳು ಸೊಸೆ ಎಂಬುದು ಹೊಳೆಯಿತು. "ಊಟ ಹಿಂದೆ ಬಂತು ನೋಡಿ," ಎಂದಷ್ಟೇ ಹೇಳಿ ಬುಟ್ಟಿ ಇಳಿಸಿದ.

ರಗ್ಗು ಬಿಚ್ಚಿ, ಹುಲ್ಲು ಸರಿಸಿ, ಮುಚ್ಚಳ ಎತ್ತಿದಾಗ ಗಂಜಿಯ ಹಬೆ ಶೆಡ್ಡಿನ ಚಳಿಯಲ್ಲಿ ಸುರುಳಿಯಾಗಿ ಎದ್ದಿತು. ಸೊಸೆ ಎದ್ದು ಬಂದು ಪಾತ್ರೆಯ ಅಂಚು ಮುಟ್ಟಿ, ಕೈ ಚುರುಕ್ಕೆಂದು ಹಿಂದಕ್ಕೆಳೆದುಕೊಂಡಳು. ಅವನ ಮುಖವನ್ನು ಒಮ್ಮೆ ನೋಡಿದಳು, ಸೊಂಟವನ್ನು ಒಮ್ಮೆ ನೋಡಿದಳು. "ಕೂತ್ಕೊಳ್ಳಿ ಮಾವ," ಎಂದಳು.

ಇಬ್ಬರಿಗೆಂದು ಮಾಡಿದ ಗಂಜಿ ಬೆಂಚುಗಳ ಉದ್ದಕ್ಕೂ ಒಂದೊಂದು ಸೌಟಿನಂತೆ ಹೋಯಿತು. ಯಾರಿಗೂ ಹೊಟ್ಟೆ ತುಂಬಲಿಲ್ಲ, ಎಲ್ಲರ ಎದೆ ಬೆಚ್ಚಗಾಯಿತು. ದೊಡ್ಡಕ್ಕ ತನ್ನ ಪಾಲಿನ ಕೊನೆಯ ತುತ್ತನ್ನು ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದು ನುಂಗಿದಳು. "ಚಳಿಗಾಲದಲ್ಲಿ ಇಲ್ಲಿ ಬಿಸಿ ಉಂಡದ್ದು ಇದೇ ಮೊದಲು ಅಜ್ಜ. ನಿಮ್ಮ ಕೈಗೆ ನೋವು ಬಾರದೆ ಇರಲಿ," ಎಂದಳು.

ಸಂಜೆ ವ್ಯಾನು ಇಬ್ಬರನ್ನೂ ಬೀದಿಯ ಮೂಲೆಯಲ್ಲಿ ಇಳಿಸಿತು. ಬುಟ್ಟಿ ಸೊಸೆಯ ತಲೆಯ ಮೇಲೆ, ಖಾಲಿ ಡಬ್ಬಿಯ ಚೀಲ ಮಾವನ ಕೈಯಲ್ಲಿ.

"ನಾನು ಮರೆತೆ ಕಣಮ್ಮ," ಎಂದ ಗೂಡಜ್ಜ.

"ಗೊತ್ತು ಮಾವ."

"ಮತ್ತೆ ಅಷ್ಟು ಜನರ ಮುಂದೆ ನನ್ನನ್ನ ದಾನಶೂರ ಯಾಕೆ ಮಾಡಿದೆ?"

"ನೋಡದೆ ಎತ್ತಿಕೊಂಡು ಓಡಿದ್ದು ನಾನಲ್ವಾ? ಮುಚ್ಚಳ ತೆಗೆದೆ, ಬರೀ ನೀರು. ಅಕ್ಕಪಕ್ಕದವರು ಬಗ್ಗಿ ನೋಡಿದ್ರು. ಬಾಯಿಗೆ ಬಂದದ್ದು ಹೇಳಿದೆ."

"ಮಗನಿಗೆ ನಾನೇ ಹೇಳ್ತೀನಿ. ಮುಚ್ಚಿಡೋದು ಬೇಡ. ಅವನು ಹೇಳಿದ ಹಾಗೇ ಆಗಲಿ."

ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಮಗನ ಫೋನು ಬಂತು. ಗೂಡಜ್ಜನೇ ಎತ್ತಿದ. ಚೀಲ ಬೆಚ್ಚಗೆ ಮಾಡಲು ಹೋದದ್ದು, ಕರು, ಬುಟ್ಟಿ, ಹಾಲಿನ ಗಾಡಿ, ಒಂದನ್ನೂ ಬಿಡದೆ ಹೇಳಿದ. ಆ ಕಡೆ ಲಾರಿಯ ಗುಡುಗುಡು ನಡುವೆ ಮಗ, "ಗ್ಯಾಸ್?" ಎಂದ.

"ಆರಿಸಿದ್ದೆ. ಎರಡು ಸಲ ನೋಡಿದ್ದೆ."

"ಅಪ್ಪಾ, ಅದಲ್ಲ..."

ಸೊಸೆ ಫೋನು ತೆಗೆದುಕೊಂಡಳು. "ಕೇಳಿ ಇಲ್ಲಿ. ನಾಳೆಯಿಂದ ಮಾವ ಡಬ್ಬಿಗೆ ಹಾಕುವಾಗ ನಾನು ಪಕ್ಕದಲ್ಲಿ ನಿಂತಿರ್ತೀನಿ. ಮುಚ್ಚಳ ನಾನೇ ತಿರುಗಿಸ್ತೀನಿ, ಗ್ಯಾಸ್ ನಾನೇ ಆರಿಸ್ತೀನಿ. ಅಡುಗೆ ಅವರದ್ದೇ." ಆ ಕಡೆಯಿಂದ ಏನೋ ಬಂತು. "ಕ್ಯಾಂಟೀನ್ ಊಟ ನೀವೇ ತಿನ್ನಿ, ಹೇಗೂ ದಾರಿಯಲ್ಲಿ ತಿಂತಾ ಇದ್ದೀರಲ್ಲ." ಮಗ ನಕ್ಕದ್ದು ಗೂಡಜ್ಜನಿಗೂ ಕೇಳಿಸಿತು.

ಫೋನು ಇಟ್ಟ ಮೇಲೆ ಅವಳು ಡಬ್ಬಿ ತೊಳೆಯಲು ಕೂತಳು. ಬೆನ್ನು ಅವನ ಕಡೆಗಿತ್ತು. "ನಾನು ಚಿಕ್ಕಪ್ಪನ ಮನೆಯಲ್ಲಿ ಬೆಳೆದವಳು ಮಾವ. ಶಾಲೆಗೆ ಹೋಗುವಾಗ ಅವರ ಮಕ್ಕಳಿಗೆಲ್ಲ ಡಬ್ಬಿ ಇರ್ತಿತ್ತು. ನನಗೆ ಮಾತ್ರ, ಮನೆಗೆ ಬಂದು ತಿನ್ನು ಅನ್ನೋರು. ಕೆಟ್ಟವರೇನಲ್ಲ, ನನಗೂ ಕಟ್ಟಬೇಕು ಅಂತ ನೆನಪಾಗ್ತಿರಲಿಲ್ಲ ಅಷ್ಟೇ. ನನಗೆ ಅಂತ ಡಬ್ಬಿ ಕಟ್ಟಿದವರು ನೀವೇ ಮೊದಲು."

ತಾನು ಹಾಸಿಗೆ ಹಿಡಿದಿದ್ದ ದಿನಗಳೆಲ್ಲ ಒಟ್ಟಿಗೆ ಗೂಡಜ್ಜನ ಕಣ್ಣ ಮುಂದೆ ಬಂದವು. "ನೀನು ನನಗೆ ಮಾಡಿದ್ದರ ಮುಂದೆ ಇದೆಷ್ಟರದು ತಾಯಿ? ಈ ಋಣ ನಾನು ಹೇಗೆ ತೀರಿಸ್ಲಿ?"

"ತೀರಿಸಿಬಿಟ್ರೆ ನಾಳೆ ನನಗೆ ಡಬ್ಬಿ ಕಟ್ಟೋರು ಯಾರು?" ಎಂದಳು ಅವಳು, ತಿರುಗಿ ನೋಡದೆ. "ಇರಲಿ ಬಿಡಿ ಹಾಗೇ."

ಗೂಡಜ್ಜ, "ಒಳ್ಳೇ ಸಾಹುಕಾರ್ತಿ ಸಿಕ್ಕಿದ್ಲು," ಎಂದು ಗೊಣಗುತ್ತ ಎದ್ದು, ಡಬರಿಯಲ್ಲಿ ನಾಳೆಗೆ ಕಾಳು ನೆನೆಹಾಕಿದ. ಇಂದಿಗಿಂತ ಎರಡು ಹಿಡಿ ಹೆಚ್ಚಿಗೇ ಹಾಕಿದ.